ಬೆರಗಿನ ಬಿಲ್ ಯಾರು ಕಟ್ಟಬೇಕು?

ಕಲ್ಲು ನೋಡೋಕೆ ದುಡ್ಡು ಕೊಡಬಹುದಾ? ಕೊಡಬಹುದು, ಕೊಡ್ತಾನೇ ಇದ್ದೀವಿ. ಹಂಪಿಗೆ ಕೊಡ್ತೀವಿ, ಬಾದಾಮಿಗೆ ಕೊಡ್ತೀವಿ, ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೂ ಕೊಡ್ತೀವಿ. ಹಾಗಾದ್ರೆ ಇನ್ನೊಂದು ಪ್ರಶ್ನೆ. ಕಲ್ಲು ಒಡೆಯದೇ ಇರೋದಕ್ಕೆ ದುಡ್ಡು ಕೊಡಬಹುದಾ? ಇದನ್ನ ಕೇಳಿದ್ರೆ ಜನ ಸ್ವಲ್ಪ ಮುಖ ಮುಖ ನೋಡ್ತಾರೆ. ನೋಡೋದಕ್ಕೆ ಟಿಕೆಟ್ ಇದೆ, ಒಡೆಯೋದಕ್ಕೆ ಲೈಸನ್ಸ್ ಇದೆ, ಸುಮ್ಮನೆ ಬಿಡೋದಕ್ಕೆ ಮಾತ್ರ ಯಾವ ಕೌಂಟರೂ ಇಲ್ಲ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದಿದ್ದಲ್ಲ, ವಾಟ್ಸಾಪಿನಿಂದ ಬಂದಿದ್ದು. ಕಳೆದ ದೀಪಾವಳಿಗೆ ಮುಂಚೆ ಊರಿಂದ ಕಾಕಾ ಒಂದು ಫೋಟೋ ಕಳಿಸಿದ್ರು. ನಮ್ಮ ಮಡ್ಡಿಯ ಉತಾರ. ಉತಾರ ಅಂದ್ರೆ ಬೆಂಗಳೂರು ಕಡೆಯವರು ಪಹಣಿ ಅಂತೀರಲ್ಲ, ಅದು. ಮಡ್ಡಿ ಅಂದ್ರೆ ಬೆಳೆ ಬಾರದ, ನೇಗಿಲು ಹೊಗದ, ಕುರಿ ಮಾತ್ರ ಮೇಯೋ ಕಲ್ಲುಗುಡ್ಡದ ಹೊಲ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗೋ ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರು. ಅಲ್ಲಿ ನಮಗೆ ಎರಡು ಎಕರೆ ಇಂಥ ಮಡ್ಡಿ. ಉತಾರದಲ್ಲಿ ಮೂರು ಹೆಸರು: ಕಾಕಾ, ಅತ್ತಿ, ಅಪ್ಪ ತೀರಿಕೊಂಡ ಮೇಲೆ ನಾನು. ಫೋಟೋದ ಕೆಳಗೆ ಒಂದೇ ಸಾಲು: "ಖಡಿ ಮಶೀನದವರು ಲೀಸಿಗೆ ಕೇಳ್ಯಾರ. ಮೂರೂ ಮಂದಿ ಸಹಿ ಬೇಕಂತ. ಯಾವಾಗ ಬರ್ತಿ?"

ಕಾಕಾನ ಲೆಕ್ಕ ಸರಳ. ಕಬ್ಬಿನ ಬಿಲ್ಲು ಇನ್ನೂ ಪೂರ್ತಿ ಬಂದಿಲ್ಲ. ಮಗಳು ಪಿಯುಸಿ ಎರಡನೇ ವರ್ಷ, ಮುಂದೆ ಓದಬೇಕು. ಮಡ್ಡಿ ಅಜ್ಜನ ಕಾಲದಿಂದ ಒಂದು ಪೈಸೆ ಕೊಟ್ಟಿಲ್ಲ. ಈಗ ಕೊಡ್ತೀನಿ ಅಂತಿದೆ. ಬೇಡ ಅನ್ನೋಕೆ ಕಾರಣ ಏನು?

ಕಾರಣ ಹುಡುಕುತ್ತಾ ಹೋಗಿದ್ದೇ ಈ ಲೇಖನ.

ಮೊದಲು ಆ ಕಲ್ಲು ಏನು ಅನ್ನೋದನ್ನ ಹೇಳಿಬಿಡ್ತೀನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ನಮ್ಮ ಈ ಐದು ತಾಲೂಕುಗಳು ಬಹುಮಟ್ಟಿಗೆ ಲಾವಾದ ಮೇಲೆ ಕೂತಿವೆ. ಉತ್ಪ್ರೇಕ್ಷೆ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾ ಹರಿಯಿತು. ಸಿನಿಮಾದಲ್ಲಿ ತೋರಿಸೋ ಹಾಗೆ ಒಂದು ಶಂಕುವಿನಾಕಾರದ ಬೆಟ್ಟದ ತಲೆಯಿಂದ ಚಿಮ್ಮಿದ್ದಲ್ಲ. ನೆಲವೇ ಉದ್ದುದ್ದಕ್ಕೆ ಸೀಳಿ, ಹಾಲು ಉಕ್ಕಿದ ಹಾಗೆ ಉಕ್ಕಿ, ಹರಡಿ, ಆರಿ, ಅದರ ಮೇಲೆ ಮತ್ತೆ ಹರಡಿ, ಹೀಗೆ ಪದರದ ಮೇಲೆ ಪದರ. ಇವತ್ತಿಗೂ ಉಳಿದಿರೋದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅಂದ್ರೆ ಎರಡೂವರೆ ಕರ್ನಾಟಕ. ಡೈನೋಸಾರ್‌ಗಳು ಕಣ್ಮರೆಯಾಗಿದ್ದೂ ಅದೇ ಹೊತ್ತಿಗೆ. ಅದಕ್ಕೆ ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹ ಎಷ್ಟು ಕಾರಣ, ನಮ್ಮ ಲಾವಾ ಎಷ್ಟು ಕಾರಣ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಾರೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಸ್ವೀಡಿಷ್ ಭಾಷೆಯಲ್ಲಿ 'ಟ್ರಪ್ಪಾ' ಅಂದ್ರೆ ಮೆಟ್ಟಿಲು, ಅದರಿಂದ ಬಂದ ಮಾತು. ನಿಪ್ಪಾಣಿಯಿಂದ ರಾಧಾನಗರಿ ದಾಟಿ ಫೋಂಡಾ ಘಾಟ್ ಇಳಿಯೋವಾಗ ಬೆಟ್ಟಗಳನ್ನ ನೋಡಿ, ಯಾರೋ ಮೆಟ್ಟಿಲು ಕಡಿದಿಟ್ಟ ಹಾಗೇ ಕಾಣುತ್ತೆ.

ಗೋಕಾಕ ಕಡೆ ಹೋದರೆ ಕಲ್ಲು ಬದಲಾಗುತ್ತೆ. ಅಲ್ಲಿ ಘಟಪ್ರಭೆ ಧುಮ್ಮಿಕ್ಕೋದು ಲಾವಾಗಿಂತ ಎಷ್ಟೋ ಹಳೆಯ ಮರಳುಗಲ್ಲಿನ ಮೇಲಿಂದ. ಅಂದ್ರೆ ನಾವಿರೋದು ಲಾವಾದ ದಕ್ಷಿಣದ ಅಂಚಿನಲ್ಲಿ. ಬೆಂಕಿ ಇಲ್ಲಿಯ ತನಕ ಬಂದು ನಿಂತಿತು.

ಈಗ ತಮಾಷೆ ಕೇಳಿ. ಇದನ್ನ ನಾನು ಊರಲ್ಲಿ ಕಲಿಯಲಿಲ್ಲ. ಹತ್ತಿರದ ಜ್ವಾಲಾಮುಖಿ ಯಾವುದು ಅಂದ್ರೆ ನಮ್ಮ ಕ್ಲಾಸಿನ ಎಲ್ಲರೂ ಅಂಡಮಾನಿನ ಬ್ಯಾರನ್ ದ್ವೀಪ ಅಂತ ಬರೆದು ಒಂದು ಮಾರ್ಕ್ಸ್ ತಗೊಂಡವರೇ. ಶಾಲೆಯ ಗೋಡೆ, ಶಾಲೆಯ ಪಾಗಾರ, ಕೂತ ಕಟ್ಟೆ ಎಲ್ಲಾ ಲಾವಾ. ಎರಿ ಹೊಲದ ಕರಿ ಮಣ್ಣು ಅದೇ ಲಾವಾ ಸವೆದು ಆಗಿದ್ದು. ನಿಪ್ಪಾಣಿಯ ತಂಬಾಕು, ರಾಯಬಾಗದ ಕಬ್ಬು, ಅಥಣಿಯ ಜೋಳ ಎಲ್ಲಾ ಬೆಳೆಯೋದು ಆರಿದ ಬೆಂಕಿಯ ಮೇಲೆ.

ಅದನ್ನ ನಾನು ತಿಳಿದುಕೊಂಡಿದ್ದು ಹನ್ನೊಂದು ಸಾವಿರ ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ಕೆಲ ವರ್ಷದ ಹಿಂದೆ ಆಫೀಸಿನಿಂದ ಮೂರು ತಿಂಗಳು ಆಕ್ಲಂಡಿಗೆ ಹೋಗಿದ್ದೆ. ಒಂದು ಶನಿವಾರ ಟೀಮಿನವರೆಲ್ಲ ಸೇರಿ ರೋಟೊರುವಾಕ್ಕೆ ಒಂದು ದಿನದ ಟೂರ್ ಬುಕ್ ಮಾಡಿದ್ರು. ಬೆಳಗ್ಗೆ ಬಸ್ಸು, ಗೈಡು, ಜ್ವಾಲಾಮುಖಿಯ ನೆಲ, ಕುದಿಯೋ ಕೆಸರು, ಬಣ್ಣ ಬಣ್ಣದ ಕೊಳ, ಕೊನೆಗೆ ಬಿಸಿನೀರಿನ ಸ್ನಾನ, ರಾತ್ರಿ ವಾಪಸ್. ಊರ ಹತ್ತಿರ ಬರ್ತಿದ್ದ ಹಾಗೇ ಬಸ್ಸಿನೊಳಗೆ ಗಂಧಕದ ವಾಸನೆ. ಯಾರೋ ಕೊಳೆತ ಮೊಟ್ಟೆ ತಂದಿದ್ದಾರೆ ಅಂತ ಹಿಂದಿನ ಸೀಟಿನವನ ಮೇಲೆ ನಮಗೆಲ್ಲ ಅನುಮಾನ.

ವಾಯೊಟಾಪು ಅನ್ನೋ ಜಾಗದಲ್ಲಿ ಲೇಡಿ ನಾಕ್ಸ್ ಅಂತ ಒಂದು ಬಿಸಿನೀರ ಚಿಲುಮೆ. ದಿನಾ ಬೆಳಗ್ಗೆ 10:15ಕ್ಕೆ ಚಿಮ್ಮುತ್ತೆ. ನಿಸರ್ಗಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು ಅಂತ ನೋಡಿದ್ರೆ, ಒಬ್ಬ ಮನುಷ್ಯ ಬಂದು ಅದರ ಬಾಯಿಗೆ ಸಾಬೂನು ಹಾಕ್ತಾನೆ. ಸ್ವಲ್ಪ ಹೊತ್ತಿಗೆ ನೊರೆ, ಆಮೇಲೆ ನೀರು ಆಕಾಶಕ್ಕೆ. 1901ರಲ್ಲಿ ಅಲ್ಲಿನ ಕೈದಿಗಳು ಬಟ್ಟೆ ತೊಳೆಯೋಕೆ ಹೋದಾಗ ಗೊತ್ತಾದ ಗುಟ್ಟಂತೆ ಇದು. ನನಗೆ ನಗು ಬಂತು. ಇದು ಚಿಲುಮೆ ಅಲ್ಲ, ಕ್ರಾನ್ ಜಾಬ್! ದಿನಾ ಅದೇ ಹೊತ್ತಿಗೆ ರನ್ ಆಗೋ ಸ್ಕ್ರಿಪ್ಟ್.

ಅಲ್ಲಿಂದ ವಾಕಾರೆವಾರೆವಾ ಅನ್ನೋ ಹಳ್ಳಿ. ಅಲ್ಲಿ ಮಾವೊರಿ ಜನ ಈಗಲೂ ಕುದಿಯೋ ಕೊಳಗಳ ನಡುವೆ ಮನೆ ಮಾಡಿಕೊಂಡಿದ್ದಾರೆ. ನಮ್ಮ ಗೈಡ್ ಆ ಹಳ್ಳಿಯ ಹೆಂಗಸು. ಒಂದು ಚೀಲದಲ್ಲಿ ಮೆಕ್ಕೆಜೋಳದ ತೆನೆ ಕಟ್ಟಿ ಕೊಳಕ್ಕೆ ಇಳಿಬಿಟ್ಟು ಬೇಯಿಸಿ ಕೊಟ್ಟಳು. ಮಾತಿನ ನಡುವೆ ನನ್ನನ್ನ ಕೇಳಿದಳು: "ನಿಮ್ಮ ಊರಿನ ನೆಲ ಎಂಥದು?" ಕರಿ ಮಣ್ಣು, ಕರಿ ಕಲ್ಲು, ಬಾವಿ ತೋಡಿದ್ರೆ ಪದರ ಪದರ ಅಂತ ಹೇಳಿದೆ. ಪೂನಾ ಹತ್ತಿರ ಅಂತಲೂ ಹೇಳಿದೆ. ಆಕೆ ನಕ್ಕು, "ಹಾಗಾದ್ರೆ ನಿಮ್ಮ ಜ್ವಾಲಾಮುಖಿ ನಮ್ಮದಕ್ಕಿಂತ ಬಹಳ ದೊಡ್ಡದು" ಅಂದಳು. ಅವತ್ತು ರಾತ್ರಿ ಹೋಟೆಲಿನಲ್ಲಿ ಕೂತು ಓದಿದೆ. ನಿಜ, ಬಹಳ ದೊಡ್ಡದು.

ಆಕೆ ಹೇಳಿದ ಇನ್ನೊಂದು ಕಥೆಗೆ ಆಮೇಲೆ ಬರ್ತೀನಿ.

ಸರಿ, ಮನೆ ಬಾಗಿಲಿನ ಬೆರಗು ಕಾಣೋಕೆ ಮನುಷ್ಯ ಅಷ್ಟು ದೂರ ಹೋಗಬೇಕಾ? ಸಾಮಾನ್ಯವಾಗಿ ನಾವು ಹೌದು ಅಂತೀವಿ. ಹತ್ತಿರ ಇದ್ದವರಿಗೆ ಬೆಲೆ ಗೊತ್ತಾಗಲ್ಲ, ಹಿತ್ತಲ ಗಿಡ ಮದ್ದಲ್ಲ, ದೂರದ ಬೆಟ್ಟ ನುಣ್ಣಗೆ. ಕೇಳೋಕೆ ಚೆನ್ನಾಗಿದೆ. ಆದರೆ ಈ ಗಾದೆಗಳ ಹಿಂದೆ ಒಂದು ಸಣ್ಣ ಅಹಂಕಾರ ಇದೆ ಅಂತ ನನಗೆ ಅನ್ನಿಸುತ್ತೆ. ಊರವನಿಗೆ ಕಣ್ಣಿಲ್ಲ, ಹೊರಗೆ ಹೋಗಿ ಬಂದ ನನಗೆ ಕಣ್ಣಿದೆ ಅನ್ನೋ ಅಹಂಕಾರ.

ಕಾಕಾಗೆ ಕಣ್ಣಿಲ್ವಾ? ಊರಲ್ಲಿ ನಾಲ್ಕು ಬಾವಿ ತೋಡಿಸಿದ ಮನುಷ್ಯ. ಮೊದಲು ಎರಿ ಮಣ್ಣು, ಆಮೇಲೆ ಮುರುಮು, ಆಮೇಲೆ ಸುತ್ತಿಗೆ ಪುಟಿಯೋ ಕರಿಕಲ್ಲು, ಅದರ ಕೆಳಗೆ ತೂತು ತೂತಾದ, ತೂತಿನಲ್ಲಿ ಬಿಳಿ ಹರಳು ತುಂಬಿದ ಮೆತ್ತನೆ ಕಲ್ಲು, ಅದರ ಕೆಳಗೆ ಗೇಣುದ್ದ ಕೆಂಪು ಮಣ್ಣು. ಭೂವಿಜ್ಞಾನದ ಪುಸ್ತಕದಲ್ಲಿ ಈ ಕೆಂಪು ಪದರಕ್ಕೆ ರೆಡ್ ಬೋಲ್ ಅಂತಾರೆ. ಒಂದು ಲಾವಾ ಹರಿದು ಆರಿದ ಮೇಲೆ ಇನ್ನೊಂದು ಹರಿಯೋ ತನಕ ನಡುವೆ ಬಿಡುವು ಇತ್ತು. ಆ ಬಿಡುವಿನಲ್ಲಿ ಮಳೆ ಬಂತು, ಕಲ್ಲು ಮಣ್ಣಾಯ್ತು, ಆಮೇಲೆ ಮತ್ತೆ ಬೆಂಕಿ ಬಂದು ಅದನ್ನ ಮುಚ್ಚಿತು. ಕಾಕಾಗೆ ಈ ಹೆಸರು ಗೊತ್ತಿಲ್ಲ. ಆದರೆ "ಕೆಂಪ ಹತ್ತಿತಂದ್ರ ಅದರ ಮ್ಯಾಲಿನ ಕಲ್ಲಿನ್ಯಾಗ ನೀರ ಹುಡುಕು" ಅನ್ನೋದು ಗೊತ್ತು. ಅದು ಕುರುಡನ ಮಾತಲ್ಲ.

ಇನ್ನು ಆಯಿಯ ವಿಷಯ. ಆಯಿ ಅಂದ್ರೆ ನಮ್ಮ ಅಜ್ಜಿ. ನಾನು ಹೈಸ್ಕೂಲಿನಲ್ಲಿದ್ದಾಗ ಊರಲ್ಲೊಂದು ಸುದ್ದಿ ಹಬ್ಬಿತು, "ರಾಜಾಪುರದಾಗ ಗಂಗಿ ಬಂದಾಳಂತ." ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ರಾಜಾಪುರದಲ್ಲಿ ಗುಡ್ಡದ ಮೇಲೆ ಹದಿನಾಲ್ಕು ಕುಂಡಗಳಿವೆ. ಸುಮಾರು ಮೂರು ವರ್ಷಕ್ಕೊಮ್ಮೆ ಅಲ್ಲಿ ತಾನಾಗೇ ನೀರು ಉಕ್ಕುತ್ತೆ, ಕೆಲ ದಿನ ಇದ್ದು ಹೋಗುತ್ತೆ. ಹತ್ತಿರದಲ್ಲೇ ಉನ್ಹಾಳೆ ಅನ್ನೋ ಊರಲ್ಲಿ ಬಿಸಿನೀರಿನ ಬುಗ್ಗೆ. ನಮ್ಮ ಕಡೆಯವರಿಗೆ ಅದೇ ಒಂದು ದಿನದ ಟೂರ್. ಒಂದು ಟ್ರ್ಯಾಕ್ಸ್, ಒಳಗೆ ಹದಿನಾಲ್ಕು ಮಂದಿ, ಬುಟ್ಟಿ ತುಂಬ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಎಲ್ಲದಕ್ಕೂ ಕಥೆ ಹೇಳೋ ಡ್ರೈವರ್. ಅವನೇ ಗೈಡ್. ಫೋಂಡಾ ಘಾಟಿನಲ್ಲಿ ಬೆಟ್ಟ ತೋರಿಸಿ "ಪಾಂಡವರು ಮೆಟ್ಟಲಾ ಕಡದಾರ" ಅಂದ. ನಾವು ನಂಬಿದೆವು. ಸ್ವೀಡನ್ನಿನವರ ಕಥೆಗಿಂತ ಅದೇನು ಕಡಿಮೆ?

ಆಯಿ ಅಲ್ಲಿ ಬುಗ್ಗೆಯ ಕೆಳಗೆ ಕೂತವಳು ಏಳಲೇ ಇಲ್ಲ. ಎಲ್ಲರ ಊಟ ಆಯ್ತು, ಡ್ರೈವರ್ ಹಾರ್ನ್ ಹೊಡೆದ, ಆದರೂ ಏಳಲಿಲ್ಲ. ಮೊಣಕಾಲು ನೋವಿಗೆ ಒಳ್ಳೇದಂತ ಕೂತಿದ್ದಾಳೆ ಅಂತ ನಾನಂದುಕೊಂಡಿದ್ದೆ. ವಾಪಸ್ ಬರೋವಾಗ ಹೇಳಿದಳು: "ನಲವತ್ತ ವರ್ಷ ಹಂಡೇಕ ನಾನ ಉರಿ ಹಾಕೇನಿ. ಇವತ್ತ ಯಾರೋ ನನಗ ನೀರ ಕಾಸಿ ಇಟ್ಟಿದ್ರ."

ಕಬ್ಬಿನ ರವದಿ, ತಂಬಾಕಿನ ಕಡ್ಡಿ, ಕುಳ್ಳು ಹಾಕಿ ಹನ್ನೆರಡು ಜನರಿಗೆ ದಿನಾ ನೀರು ಕಾಸಿದವಳಿಗೆ ಭೂಮಿಯ ಒಳಗಿನ ಬಿಸಿಯ ಅರ್ಥ ಅದು. ಒಲೆ ಇಲ್ಲದ ಬಿಸಿನೀರು. ಆಮೇಲೆ ನಾನು ಓದಿ ತಿಳಿದುಕೊಂಡಿದ್ದು ಏನಂದ್ರೆ, ಕೊಂಕಣದ ಈ ಬುಗ್ಗೆಗಳ ಬಿಸಿಗೂ ಹಳೇ ಲಾವಾಗೂ ನೇರ ಸಂಬಂಧ ಇಲ್ಲ. ಲಾವಾ ಆರಿ ಕೋಟಿಗಟ್ಟಲೆ ವರ್ಷ ಆಯ್ತು. ಮಳೆ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತೆ. ಭೂಮಿಯಲ್ಲಿ ಒಂದು ಕಿಲೋಮೀಟರ್ ಕೆಳಗೆ ಹೋದ ಹಾಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತೆ. ಅಲ್ಲಿ ಕಾದ ನೀರು ಇನ್ನೊಂದು ಬಿರುಕಿನಿಂದ ಮೇಲೆ ಬರುತ್ತೆ. ನಮ್ಮ ಪುತ್ತೂರು ತಾಲೂಕಿನ ಬೆಂದ್ರುತೀರ್ಥದ ಬಿಸಿನೀರಿಗೂ ಜ್ವಾಲಾಮುಖಿ ಬೇಕಿಲ್ಲ, ಆಳ ಸಾಕು. ಆದರೆ ಈ ವಿವರ ಗೊತ್ತಿದ್ದಿದ್ರೆ ಆಯಿಯ ಬೆರಗು ಹೆಚ್ಚಾಗ್ತಿತ್ತು ಅಂತ ನನಗೆ ಅನ್ನಿಸಲ್ಲ.

ಹಾಗಾಗಿ ಬೆರಗಿಗೆ ಬೇಕಿರೋದು ದೂರ ಅಲ್ಲ, ಬಿಡುವು. ಆಯಿಗೆ ಅವತ್ತು ಒಂದು ದಿನ ಬಿಡುವು ಸಿಕ್ಕಿತ್ತು. ನನಗೆ ರೋಟೊರುವಾದಲ್ಲಿ ವೀಕೆಂಡ್ ಇತ್ತು. ಕಾಕಾಗೆ ಕಬ್ಬಿನ ಸೀಜನ್ನಿನಲ್ಲಿ ವೀಕೆಂಡ್ ಅನ್ನೋದೇ ಇಲ್ಲ. "ನಿನಗೆ ಈ ಕಲ್ಲಿನ ಬೆಲೆ ಗೊತ್ತಿಲ್ಲ" ಅಂತ ಅವರಿಗೆ ಹೇಳೋದು ಸುಳ್ಳು, ಮತ್ತೆ ಅವಮಾನ. ಅವರಿಗೆ ಗೊತ್ತಿದೆ. ಎಷ್ಟಕ್ಕೆ ಹೋಗುತ್ತೆ ಅನ್ನೋದೂ ಗೊತ್ತಿದೆ.

ಇನ್ನು ನಗರದವರ ವಾದ ನೋಡೋಣ. ನಾನಿರೋದು ಪುಣೆಯಲ್ಲಿ. ಪುಣೆಯವರಿಗೆ ಅವರ ಟೇಕಡಿಗಳು ಅಂದ್ರೆ ಪ್ರಾಣ. ವೇತಾಳ ಟೇಕಡಿ ಅಂತ ಊರ ನಡುವಿನ ಗುಡ್ಡ. ಅದೂ ಅದೇ ಲಾವಾ. ಬೆಳಗ್ಗೆ ವಾಕಿಂಗಿಗೆ ಹೋಗಿ, ನವಿಲು ನೋಡಿ ಬರ್ತೀವಿ. ಅದರ ಮೇಲೆ ರಸ್ತೆ ಬರುತ್ತೆ ಅಂದಾಗ 2023ರಲ್ಲಿ ಸಾವಿರಾರು ಜನ ಬೀದಿಗಿಳಿದ್ರು. ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಮೆರವಣಿಗೆ ಮುಗಿಸಿ ನಾವು ವಾಪಸ್ ಹೋಗೋದು ಹದಿನೆಂಟು ಮಹಡಿಯ ಕಟ್ಟಡಕ್ಕೆ. ಆ ಕಟ್ಟಡದ ಖಡಿ ಎಲ್ಲಿಂದ ಬಂತು? ಯಾವುದೋ ಊರಿನ, ಯಾರದೋ ಕಾಕಾನ ಮಡ್ಡಿಯಿಂದ. ನದಿ ಮರಳು ತೆಗೀಬಾರದು ಅಂದಮೇಲೆ ಮರಳೂ ಈಗ ಕಲ್ಲು ಪುಡಿ ಮಾಡಿಯೇ ಆಗೋದು. ನಮ್ಮ ಗುಡ್ಡ ಪರಿಸರ, ಅವರ ಗುಡ್ಡ ಕಚ್ಚಾ ಮಾಲು. ಹಾಗಂತ ಮನೆ ಕಟ್ಟಬಾರದಾ? ಕಟ್ಟಲೇಬೇಕು. ಆದರೆ "ಉಳಿಸಿ" ಅನ್ನೋ ಮಾತಿಗೆ ತೂಕ ಬರಬೇಕಾದ್ರೆ, ಹಾಗನ್ನೋನು ಏನಾದ್ರೂ ಕಳೆದುಕೊಳ್ಳಬೇಕು. ವಾಕಿಂಗ್ ಮಾಡೋ ಗುಡ್ಡ ಉಳಿದ್ರೆ ನಮಗೆ ಲಾಭವೇ. ಲೆಕ್ಕದ ಖರ್ಚಿನ ಕಾಲಂ ಖಾಲಿ.

'ದೃಶ್ಯ' ಅನ್ನೋ ಮಾತಿನಲ್ಲೇ ಈ ಮೋಸ ಇದೆ ಅನ್ನಿಸುತ್ತೆ. ಐಸ್‌ಲ್ಯಾಂಡಿನ ಬ್ಲೂ ಲಗೂನ್ ಅಂತ ಕೇಳಿರ್ತೀರಿ, ನಮ್ಮ ಐಟಿಯವರ ಬಕೆಟ್ ಲಿಸ್ಟಿನಲ್ಲಿ ಇರೋದೇ. ಅದು ನೈಸರ್ಗಿಕ ಬುಗ್ಗೆ ಕೂಡ ಅಲ್ಲ, ಪಕ್ಕದ ಸ್ವಾರ್ಟ್ಸೆಂಗಿ ವಿದ್ಯುತ್ ಸ್ಥಾವರ ಹೊರಬಿಟ್ಟ ನೀರು ನಿಂತು ಆದ ಕೊಳ. ಅದರ ಹತ್ತಿರದ ಗ್ರಿಂಡವಿಕ್ ಅನ್ನೋ ಮೀನುಗಾರರ ಊರನ್ನ 2023ರ ನವೆಂಬರಿನಲ್ಲಿ ರಾತ್ರೋರಾತ್ರಿ ಖಾಲಿ ಮಾಡಿಸಿದ್ರು. ಆಮೇಲೆ ಸಾಲು ಸಾಲಾಗಿ ಲಾವಾ ಉಕ್ಕಿತು. ಒಂದು ವರ್ಷದ ನಂತರ ಲಾವಾ ಬ್ಲೂ ಲಗೂನಿನ ಪಾರ್ಕಿಂಗ್ ಜಾಗವನ್ನೇ ಮುಚ್ಚಿತು. ಇಷ್ಟೆಲ್ಲಾ ಆಗೋವಾಗ ನಾವು ಮೊಬೈಲಿನಲ್ಲಿ ನೋಡಿ "ವಾವ್" ಅಂದ್ವಿ. ಅಷ್ಟು ದೂರ ಯಾಕೆ, 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ನಮ್ಮ ಕಡೆಯ ಊರೂರು ಮುಳುಗಿದಾಗ, ಒಣ ಊರಿನವರು ಬೈಕ್ ಹತ್ತಿ ನೀರು ನೋಡೋಕೆ ಬಂದ್ರು. ತಪ್ಪಲ್ಲ, ಅಷ್ಟು ನೀರು ಅವರು ಕಂಡಿರಲಿಲ್ಲ. ಆದರೆ ಅದೇ ಹೊತ್ತಿಗೆ ಶಾಲೆಯ ವರಾಂಡದಲ್ಲಿ ಎಮ್ಮೆ ಕಟ್ಟಿಕೊಂಡು ಕೂತವನಿಗೆ ಅದು ದೃಶ್ಯ ಆಗಿರಲಿಲ್ಲ. ನಷ್ಟ ಬೇರೆಯವರದಾದಾಗ ಮಾತ್ರ ಅದು ದೃಶ್ಯ.

ಈಗ ಆ ಮಾವೊರಿ ಗೈಡ್ ಹೇಳಿದ ಕಥೆ. ರೋಟೊರುವಾದಲ್ಲಿ ಜನ ಮನೆ ಮನೆಗೆ ಬೋರ್ ಕೊರೆದು ಭೂಮಿಯ ಬಿಸಿನೀರು ತೆಗೀತಿದ್ರು. ಮನೆ ಬೆಚ್ಚಗಿಡೋಕೆ, ಸ್ನಾನಕ್ಕೆ, ಹೋಟೆಲಿಗೆ. ಕ್ರಮೇಣ ವಾಕಾರೆವಾರೆವಾದ ಚಿಲುಮೆಗಳು ಸೊರಗಿದವು. ಪಾಪಕುರಾ ಅನ್ನೋ ಚಿಲುಮೆ 1979ರಲ್ಲಿ ನಿಂತೇ ಹೋಯ್ತು. 1986ರಲ್ಲಿ ಸರ್ಕಾರ ಕಠಿಣವಾದ ಆದೇಶ ಹೊರಡಿಸಿತು. ಪೊಹುಟು ಅನ್ನೋ ದೊಡ್ಡ ಚಿಲುಮೆಯ ಸುತ್ತ 1.5 ಕಿಲೋಮೀಟರ್ ಒಳಗಿನ ಬೋರ್‌ಗಳನ್ನೆಲ್ಲ ಮುಚ್ಚಬೇಕು. ಅದರ ಹೊರಗೆ ಬಿಸಿನೀರು ತೆಗೆಯೋರು ಸರ್ಕಾರಕ್ಕೆ ಹಣ ಕಟ್ಟಬೇಕು. ದೊಡ್ಡ ಜಗಳ ಆಯ್ತು. ಆದರೂ ನೂರಕ್ಕೂ ಹೆಚ್ಚು ಬೋರ್ ಮುಚ್ಚಿದ್ರು. ಒಳಗಿನ ಒತ್ತಡ ನಿಧಾನಕ್ಕೆ ಏರಿತು, ಚಿಲುಮೆಗಳು ಚೇತರಿಸಿಕೊಂಡವು. ಪಾಪಕುರಾ ಕೂಡ 36 ವರ್ಷದ ನಂತರ, 2015ರಲ್ಲಿ ಮತ್ತೆ ಚಿಮ್ಮಿತು.

ಅಥಣಿ, ರಾಯಬಾಗದ ಕಡೆಯ ಓದುಗರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಕಬ್ಬಿಗೆ ಅಂತ ಆಳದ ಬೋರ್ ಹೊಡೆಸಿದ್ರೆ ಪಕ್ಕದವನ ಬಾವಿ ಬತ್ತುತ್ತೆ. ಅವನ ಹೊಲ ಅವನದು, ಅವನ ಬೋರ್ ಅವನದು, ಆದರೆ ಕೆಳಗಿನ ನೀರಿಗೆ ಉತಾರ ಇಲ್ಲ.

ರೋಟೊರುವಾದ ನ್ಯಾಯ ನನ್ನ ಮಡ್ಡಿಗೆ ಹೊಂದುತ್ತಾ? ಪೂರ್ತಿ ಹೊಂದಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಬೇಕು. ಚಿಲುಮೆ ಸತ್ತರೆ ಅದನ್ನ ಕಟ್ಟೋಕೆ ಯಾರಿಂದಲೂ ಆಗಲ್ಲ, ಸ್ನಾನಕ್ಕೆ ಬೇರೆ ದಾರಿ ಇದೆ. ಹಾಗಾಗಿ ಬೋರ್ ಮುಚ್ಚಿಸಿದ್ದು ಸರಿ. ಆದರೆ ನಮ್ಮ ಮಡ್ಡಿ ಪೊಹುಟು ಅಲ್ಲ. 5 ಲಕ್ಷ ಚದರ ಕಿಲೋಮೀಟರಿನಲ್ಲಿ ಎರಡು ಎಕರೆ. ಅದನ್ನ ನೋಡೋಕೆ ಯಾವ ಬಸ್ಸೂ ಬರಲ್ಲ. "6.6 ಕೋಟಿ ವರ್ಷದ ಕಲ್ಲು" ಅನ್ನೋ ವಾದವೂ ನಿಲ್ಲಲ್ಲ. ಕ್ರಷರಿನಲ್ಲಿ ಬೀಳೋ ಪ್ರತಿ ಕಲ್ಲೂ ಅಷ್ಟೇ ಹಳೆಯದು, ಆಯಿಯ ಬೀಸೋ ಕಲ್ಲೂ ಅಷ್ಟೇ ಹಳೆಯದು. ವಯಸ್ಸೇ ಕಾರಣ ಆದ್ರೆ ಕಲ್ಲನ್ನ ಮುಟ್ಟೋ ಹಾಗೇ ಇಲ್ಲ.

ಮುಟ್ಟಬಾರದು ಅನ್ನೋದೂ ನನ್ನ ವಾದ ಅಲ್ಲ. ಕಾಗವಾಡದ ಕಡೆಯಿಂದ ಗಡಿ ದಾಟಿದ್ರೆ ಕೃಷ್ಣೆಯ ದಂಡೆಗೆ ಖಿದ್ರಾಪುರ. ಅಲ್ಲಿನ ಕೋಪೇಶ್ವರ ಗುಡಿ, ಶಿಲಾಹಾರರ ಕಾಲದ್ದು. ಮುಂದೆ ಸ್ವರ್ಗಮಂಟಪ, ನಡುವೆ ಆಕಾಶಕ್ಕೆ ತೆರೆದ ಮಾಳಿಗೆ, 48 ಕಂಬ. ಎಲ್ಲಾ ನಮ್ಮದೇ ಕರಿಕಲ್ಲು. ಅದನ್ನೂ ಯಾವುದೋ ಗುಡ್ಡ ಒಡೆದೇ ತಂದಿದ್ದು. ಎಂಟು ನೂರು ವರ್ಷ ಆದ್ರೂ ಆ ಕಂಬದ ನುಣುಪು ಕೈಗೆ ಸಿಗುತ್ತೆ. ಹಾಗಂತ ಗುಡಿ ಶ್ರೇಷ್ಠ, ಫ್ಲ್ಯಾಟ್ ಕೀಳು ಅಂತ ನಾನು ಹೇಳಲ್ಲ. ಒಂದು ಸಂಸಾರದ ತಲೆ ಮೇಲಿನ ಸೂರು ಗುಡಿಗಿಂತ ಕಡಿಮೆ ಏನಲ್ಲ.

ಹಾಗಾದ್ರೆ ಬೇಡ ಅನ್ನೋಕೆ ಕಾರಣ ಏನೂ ಉಳೀಲಿಲ್ವಾ? ಒಂದು ಉಳಿಯಿತು. ಅದು ಸಿಕ್ಕಿದ್ದು ಊರಿಗೆ ಹೋಗಿ ಮಡ್ಡಿ ಮೇಲೆ ನಿಂತಾಗ. ಕೆಳಗೆ ಕಾಕಾನ ಬಾವಿ. ಅದರ ಆಚೆ ಬೇರೆಯವರ ಎರಡು ಬಾವಿ. ಮಡ್ಡಿಯ ಮೇಲೆ ಬಿದ್ದ ಮಳೆ ಮುರುಮಿನಲ್ಲಿ ಇಂಗಿ ಇಳಿಯೋದು ಆ ಬಾವಿಗಳಿಗೆ. ಪಡುವಣಕ್ಕೆ ತಂಬಾಕಿನ ಹೊಲ. ಖಡಿಯ ಧೂಳು ಎಲೆಯ ಮೇಲೆ ಕೂತ್ರೆ ಎಲೆಗೆ ರೇಟಿಲ್ಲ. ಮೇಲೆ ಕುರಿ ಮೇಯಿಸೋ ಮುದುಕ, ಅವನಿಗೆ ಎಲ್ಲೂ ಒಂದು ಗುಂಟೆ ಜಾಗ ಇಲ್ಲ. ಮತ್ತೆ ಕಾಕಾನ ಮಗಳು. ಲೀಸ್ ಮುಗಿದಾಗ ಅವಳಿಗೆ ಸಿಗೋದು ಗುಡ್ಡ ಅಲ್ಲ, ನೀರು ನಿಂತ ಆಳದ ಗುಂಡಿ.

ಸಹಿ ಬೇಕಾದವರ ಪಟ್ಟಿಯಲ್ಲಿ ಮೂರು ಹೆಸರು. ಕಳೆದುಕೊಳ್ಳೋರ ಪಟ್ಟಿ ಬೇರೆ. ಈ ಎರಡು ಪಟ್ಟಿ ಒಂದೇ ಆಗಿದ್ದಿದ್ರೆ ನಾನು ಕಣ್ಣು ಮುಚ್ಚಿ ಸಹಿ ಹಾಕ್ತಿದ್ದೆ. ನಮ್ಮದನ್ನ ನಾವು ಮಾರೋದು ನಮ್ಮಿಷ್ಟ. ಆದರೆ ಉತಾರದಲ್ಲಿ ಹೆಸರಿಲ್ಲದವರ ಪಾಲನ್ನೂ ಸೇರಿಸಿ ಮಾರೋ ಹಕ್ಕು ಆ ಮೂರು ಸಹಿಗೆ ಇಲ್ಲ. ಇದು ನನ್ನ ಮೊದಲ ತೀರ್ಮಾನ. ಎರಡನೇದು ಅದರ ಬೆನ್ನಿಗೇ ಬರುತ್ತೆ. ಬೇಡ ಅನ್ನೋನು ಬೇಡ ಅಂದು ಪುಣೆಯ ಬಸ್ ಹತ್ತೋ ಹಾಗಿಲ್ಲ. ಕಾಕಾ, ಅತ್ತಿ ಇಬ್ಬರ ಮನೆಗೆ ಬರಬೇಕಿದ್ದ ದುಡ್ಡು ನನ್ನ ಮಾತಿನಿಂದ ನಿಲ್ಲುತ್ತೆ ಅಂದ್ರೆ ಆ ಬಿಲ್ ನನ್ನದು.

ಹಾಗಾಗಿ ಕಾಕಾನ ಮುಂದೆ ಕೂತು ಹೇಳಿದೆ. ನನ್ನ ಪಾಲಿನ ಲೀಸ್ ಹಣ ನಾನು ಬಿಟ್ಟೆ. ನಿಮ್ಮಿಬ್ಬರ ಪಾಲು ವರ್ಷಾ ವರ್ಷಾ ನಾನು ಕೊಡ್ತೀನಿ. ಲೆಕ್ಕ ಹಾಕಿದ್ರೆ ಅದು ವರ್ಷಕ್ಕೊಂದು ವಿದೇಶಿ ಟೂರಿನ ಖರ್ಚಿಗಿಂತ ಕಡಿಮೆ. ಇದು ಸಹಾಯ ಅಲ್ಲ, ಬಾಡಿಗೆ. ಗುಡ್ಡ ಗುಡ್ಡವಾಗೇ ಇರಲಿ ಅಂತ ಬಯಸೋನು ಕಟ್ಟೋ ಬಾಡಿಗೆ. ಕಾಗದದ ಮೇಲೆ ಬರೆಯೋಣ.

ಕಾಕಾ ಎಲೆ ಅಡಿಕೆ ಹಾಕ್ಕೊಂಡು ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಎರಡು ಪ್ರಶ್ನೆ ಕೇಳಿದ್ರು. "ನಿನ್ನ ನೌಕರಿ ಹೋದ್ರ?" ಇದಕ್ಕೆ ಏನೋ ಒಂದು ಉತ್ತರ ಹೇಳಿದೆ. ಎರಡನೇದು: "ಆತು, ನಮ್ಮ ಮಡ್ಡಿ ನೀ ಉಳಸ್ತಿ. ಬಾಜೂದವರ ಮಡ್ಡಿ ಯಾರ ರೊಕ್ಕದಾಗ ಉಳಸ್ತಿ? ಅವರ ಮನ್ಯಾಗ ಪುಣೇಕ ಹ್ವಾದವ್ರ ಯಾರೂ ಇಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಬ್ಬನ ಸಂಬಳದಿಂದ ಉಳಿಯೋ ಗುಡ್ಡ ಅವನ ಅಪ್ರೈಸಲ್ ಮೇಲೆ ನಿಂತಿರುತ್ತೆ. ರೋಟೊರುವಾದಲ್ಲಿ ಚಿಲುಮೆ ಉಳಿದಿದ್ದು ಯಾರದೋ ಒಳ್ಳೆಯತನದಿಂದ ಅಲ್ಲ. 1.5 ಕಿಲೋಮೀಟರ್ ಅಂತ ಗೆರೆ ಎಳೆದು, ಒಳಗಿನವರಿಗೆಲ್ಲ ಒಂದೇ ನಿಯಮ ಮಾಡಿ, ಹೊರಗೆ ಬಳಸೋರಿಂದ ಹಣ ಕಟ್ಟಿಸಿಕೊಂಡಿದ್ದರಿಂದ. ಅಂಥ ಗೆರೆ ನಮ್ಮ ಬಾವಿಗಳ ಸುತ್ತ, ಮಡ್ಡಿಗಳ ಸುತ್ತ ಎಳೆಯೋ ತನಕ ನನ್ನದು ಒಂದು ವೈಯಕ್ತಿಕ ಏರ್ಪಾಡು ಅಷ್ಟೇ. ಪ್ರೊಡಕ್ಷನ್ನಿನಲ್ಲಿ ಸಮಸ್ಯೆ ಬಂದಾಗ ಹಾಕ್ತೀವಲ್ಲ, ಆ ಥರದ ತಾತ್ಕಾಲಿಕ ಪ್ಯಾಚ್. ಪ್ಯಾಚ್ ಹಾಕಬಾರದು ಅಂತಲ್ಲ. ಅದನ್ನೇ ಪರಿಹಾರ ಅಂತ ಕರೀಬಾರದು.

ಕಾಗದ ಮೂರು ವರ್ಷಕ್ಕೆ ಆಗಿದೆ. ಅಷ್ಟರಲ್ಲಿ ತಂಗಿಯ ಓದು ಒಂದು ಹಂತಕ್ಕೆ ಬರುತ್ತೆ, ಆಮೇಲೆ ಅವಳನ್ನೂ ಕೇಳಿ ಮುಂದಿನದು ಅಂತ ಕಾಕಾನೇ ಹೇಳಿದ್ರು. ಕಳೆದುಕೊಳ್ಳೋರ ಪಟ್ಟಿಯಿಂದ ಒಂದು ಹೆಸರು ಕೇಳೋರ ಪಟ್ಟಿಗೆ ಬಂತು. ಸಣ್ಣದೇ, ಆದರೂ ಬಂತು.

ನಿಮಗೆ ನಾನು ಹೇಳೋದು ಇಷ್ಟೇ. ಟೂರ್ ಮಾಡಬೇಡಿ ಅನ್ನಲ್ಲ. ಹೋಗಿ, ನೋಡಿ, ಬಿಸಿನೀರಿನಲ್ಲಿ ಕುತ್ತಿಗೆ ತನಕ ಮುಳುಗಿ ಕೂರಿ, ಆಯಿಯ ಹಾಗೆ ಹಾರ್ನ್ ಹೊಡೆದ್ರೂ ಏಳಬೇಡಿ. ಆದರೆ ಎಲ್ಲಾದ್ರೂ "ಎಷ್ಟು ಚೆನ್ನಾಗಿದೆ, ಇದು ಹೀಗೇ ಇರಬೇಕು" ಅಂತ ಬಾಯಿಗೆ ಬಂದಾಗ, ಒಂದು ನಿಮಿಷ ತಡೆದು ಕೇಳಿಕೊಳ್ಳಿ: ಇದು ಹೀಗೇ ಇರೋದಕ್ಕೆ ಇಲ್ಲಿ ಯಾರು ಏನು ಬಿಟ್ಟುಕೊಡ್ತಿದ್ದಾರೆ? ಉತ್ತರ ಟಿಕೆಟ್ಟಿನ ಮೇಲೆ ಬರೆದಿರಲ್ಲ. ಊರಲ್ಲಿ ಯಾರನ್ನಾದ್ರೂ ಕೇಳಬೇಕಾಗುತ್ತೆ.